ಒಡವೆ ಬಿಟ್ಟುಕೊಳ್ಳುವ ಜಾಗ

ಕೈಯಲ್ಲಿ ಮಾಡಿದ ಒಡವೆ ಮೊದಲು ಕೆಡುವುದು ಕೂಡಿಸಿದ ಕಡೆ. ಕುಣಿಕೆ ಕಳಚುತ್ತದೆ, ದಾರ ಹರಿಯುತ್ತದೆ, ಬೆಸುಗೆ ಬಾಯಿ ಬಿಡುತ್ತದೆ. ಹೊಸಬರು ಹೂಬಳ್ಳಿ ತಿದ್ದುವುದರಲ್ಲೇ ಹೊತ್ತು ಕಳೆದರೆ, ನುರಿತವರ ಕಣ್ಣು ಕೂಡುವ ಜಾಗದ ಮೇಲಿರುತ್ತದೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಇದನ್ನು ಎರಡು ಬಗೆಯ ಒಡವೆಗಳಲ್ಲಿ ನೋಡಬಹುದು: ತಾಂಡಾಗಳ ಲಂಬಾಣಿ ಹೆಂಗಸರ ಒಡವೆ, ಲಿಂಗವಂತರು ಇಷ್ಟಲಿಂಗವಿಟ್ಟು ಕೊರಳಿಗೆ ಹಾಕಿಕೊಳ್ಳುವ ಬೆಳ್ಳಿ ಕರಡಿಗೆ. ಮೊದಲನೆಯದರಲ್ಲಿ ದಾರದ ಪಾಲು ದೊಡ್ಡದು, ಎರಡನೆಯದು ಪೂರಾ ಬೆಂಕಿಯ ಕೆಲಸ.

ದಾರದಿಂದ ಶುರು ಮಾಡೋಣ. ಕವಡೆಯನ್ನು ಬಟ್ಟೆಗೆ ಹೊಲಿಯಬೇಕಾದರೆ ಅದರ ಉಬ್ಬಿದ ಬೆನ್ನನ್ನು ತೆಗೆಯಬೇಕು. ಕುಟ್ಟಿ ಒಡೆದರೆ ಕೆಲಸ ಬೇಗ ಆಗುತ್ತದೆ, ಆದರೆ ಅಂಚು ಚೂಪಾಗಿ ಉಳಿದು ನಡೆದಾಡುವಾಗೆಲ್ಲ ದಾರವನ್ನು ಗರಗಸದ ಹಾಗೆ ಕೊಯ್ಯುತ್ತದೆ. ಕಲ್ಲಿನ ಮೇಲೆ ತೇಯ್ದರೆ ತಡವಾಗುತ್ತದೆ, ಅಂಚು ಮಾತ್ರ ನುಣುಪು. ಕನ್ನಡಿ ಬಿಲ್ಲೆಯನ್ನು ಅಂಟಿನಿಂದ ಕೂರಿಸಿದರೂ ಇದೇ ಕಥೆ. ಬೆವರು, ಒಗೆತಕ್ಕೆ ಅಂಟು ಸೋಲುತ್ತದೆ. ಅದಕ್ಕೇ ಲಂಬಾಣಿ ಕಸೂತಿಯಲ್ಲಿ ಬಿಲ್ಲೆಯ ಸುತ್ತ ದಾರದ ಚೌಕಟ್ಟು ಕಟ್ಟಿ, ಅದರ ಮೇಲೆ ಮತ್ತೆ ಹೊಲಿಗೆ ಹಾಕುತ್ತಾರೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಹೆಂಗಸರು ಮಾಡಿದ 1755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಎಣಿಸಿದ್ದು ತುಣುಕುಗಳನ್ನು; ಗಂಟುಗಳನ್ನು ಎಣಿಸಲು ಯಾರಿಂದ ಆದೀತು!

ಇನ್ನು ನಾಣ್ಯದ ಸರ. ಬ್ರಿಟಿಷರ ಕಾಲದ ರೂಪಾಯಿ 11.66 ಗ್ರಾಂ ತೂಗುತ್ತಿತ್ತು, ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕಿಳಿಯಿತು, 1947ರ ರೂಪಾಯಿ ನಿಕ್ಕಲ್ಲಿನದು. ನೋಡಲು ಎಲ್ಲವೂ ಬಿಳಿಯೇ, ಬೆಂಕಿಯ ಮುಂದೆ ಗುಣ ಬೇರೆ. ಬೆಳ್ಳಿ ನಾಣ್ಯಕ್ಕೆ ಕುಣಿಕೆ ಬೆಸೆಯುವಾಗ ಹೊಸಬರು ಜ್ವಾಲೆಯನ್ನು ನೇರ ಕುಣಿಕೆಗೇ ಹಿಡಿಯುತ್ತಾರೆ. ತೆಳ್ಳನೆ ತಂತಿ ತಟ್ಟನೆ ಕಾಯ್ದು ಕರಗಿ ಮುದ್ದೆಯಾಗುತ್ತದೆ, ನಾಣ್ಯ ಇನ್ನೂ ತಣ್ಣಗೇ ಇರುತ್ತದೆ. ಕರಗಿದ ಬೆಸುಗೆ ಶಾಖ ಇರುವ ಕಡೆಗೆ ಹರಿಯುತ್ತದೆ. ಬೆಳ್ಳಿಯಾದರೋ ಕೊಟ್ಟ ಶಾಖವನ್ನು ಮೈತುಂಬ ಹಂಚಿಬಿಡುವ ಲೋಹ. ಹಾಗಾಗಿ ಮೊದಲು ನಾಣ್ಯವನ್ನು ಇಡಿಯಾಗಿ ಕಾಯಿಸಬೇಕು, ಕುಣಿಕೆಯ ಸರದಿ ಕೊನೆಗೆ. ಬೆಳಗಾರ ಹಚ್ಚುವುದನ್ನು ಮರೆತರೆ ಬೆಸುಗೆ ಗುಂಡಗೆ ನಿಂತು ಹರಿಯುವುದೇ ಇಲ್ಲ. ಇನ್ನು ಬೆಳ್ಳಿಯಂತೆಯೇ ಕಾಣುವ, ತಾಮ್ರ, ನಿಕ್ಕಲ್, ಸತು ಬೆರೆತ ‘ಜರ್ಮನ್ ಸಿಲ್ವರ್’ನಲ್ಲಿ ಬೆಳ್ಳಿ ಎಳ್ಳಷ್ಟೂ ಇರುವುದಿಲ್ಲ, ಅದರ ನಿಕ್ಕಲ್ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಮೈಗೆ ತಾಗುವ ಬದಿಗೆ ಬಟ್ಟೆಯ ಒಳಪದರ ಕೊಟ್ಟರೆ ತೊಂದರೆ ತಗ್ಗೀತು.

ಇನ್ನು ಕರಡಿಗೆ. ಕೊಟ್ಟೂರು ಕೊಟ್ಟೂರೇಶ್ವರನ ಊರು, ಪಕ್ಕದಲ್ಲೇ ಉಜ್ಜಿನಿ ಪೀಠ. ಹೀಗಾಗಿ ಈ ಸೀಮೆಗೆ ಅದು ಹೊಸತಲ್ಲ. ಇಷ್ಟಲಿಂಗವನ್ನಿಡುವ ಈ ದುಂಡನೆ ಕರಡಿಗೆಯಷ್ಟು ಪತ್ತಾರನ ಕೈಯನ್ನು ಪರೀಕ್ಷಿಸುವ ಒಡವೆ ಕಡಿಮೆ. ತಗಡನ್ನು ಬಡಿದು ಬಟ್ಟಲು ಮಾಡುತ್ತ ಹೋದಂತೆ ಬೆಳ್ಳಿ ಗಡುಸಾಗುತ್ತದೆ. ಆಗ ಮಬ್ಬುಗೆಂಪು ಬರುವತನಕ ಕಾಯಿಸಿ ಮೆದು ಮಾಡಿಕೊಳ್ಳಬೇಕು. ಅವಸರಪಟ್ಟು ಬಡಿದರೆ ಅಂಚು ಸೀಳುತ್ತದೆ. ಒಳಗೆ ಟೊಳ್ಳಿರುವ ಗುಂಡಿನಂಥ ಭಾಗವನ್ನು ಗಾಳಿಯಾಡದಂತೆ ಮುಚ್ಚಿ ಬೆಸೆದರೆ ಒಳಗಿನ ಗಾಳಿ ಬಿಸಿಗೆ ಹಿಗ್ಗಿ ಬೆಸುಗೆಯನ್ನು ಹೊರಗೆ ನೂಕುತ್ತದೆ. ಒಮ್ಮೊಮ್ಮೆ ಗುಂಡು ಸಿಡಿಯುವುದೂ ಉಂಟು. ಅದಕ್ಕಾಗಿ ಕಣ್ಣಿಗೆ ಬೀಳದ ಕಡೆ ಸೂಜಿಮೊನೆಯಷ್ಟು ತೂತು ಬಿಡುತ್ತಾರೆ.

ಇಷ್ಟಾದರೂ ದೊಡ್ಡ ತೊಡಕು ಉಳಿದೇ ಇದೆ: ಒಂದೇ ಕರಡಿಗೆಗೆ ಬೆಸುಗೆ ಹಲವು. ಕೊರಳಿಗೆ ಹಾಕುವ ಶಿವದಾರದ ಕೊಂಡಿ ಬೆಸೆಯಲು ಕಾಯಿಸಿದಾಗ ಮೊದಲೇ ಕೂಡಿಸಿದ ಬುಡ ಕಳಚಬಾರದು. ಶುದ್ಧ ಬೆಳ್ಳಿ ಕರಗುವುದು 962 ಡಿಗ್ರಿ ಸೆಲ್ಸಿಯಸ್ ಹತ್ತಿರ. ಬೆಸುಗೆ ಅದಕ್ಕಿಂತ ಮೊದಲೇ ಕರಗಲೆಂದು ಬೆಳ್ಳಿಗೆ ತಾಮ್ರ, ಸತು ಬೆರೆಸುತ್ತಾರೆ. ಸತು ಹೆಚ್ಚಿದಷ್ಟೂ ಬೆಸುಗೆ ಕಡಿಮೆ ಶಾಖಕ್ಕೇ ಕರಗುತ್ತದೆ. ಆದ್ದರಿಂದ ಮೊದಲ ಕೂಡಿಕೆಗೆ ಹೆಚ್ಚು ಶಾಖ ಬೇಡುವ ಬೆಸುಗೆ, ಕೊನೆಯದಕ್ಕೆ ಬೇಗ ಕರಗುವ ಬೆಸುಗೆ. ಅಜ್ಜನ ಕಾಲದ ಕರಡಿಗೆ ರಿಪೇರಿಗೆ ಬಂದಾಗ ಯಾವ ಕೂಡಿಕೆಗೆ ಎಂಥ ಬೆಸುಗೆ ಹಾಕಿದ್ದರೋ ಗೊತ್ತಾಗುವುದಿಲ್ಲ. ಹಳೆಯ ಕೂಡಿಕೆಗಳಿಗೆಲ್ಲ ಒದ್ದೆ ಕಾವಿಮಣ್ಣು ಮೆತ್ತಿ, ಬೇಕಾದ ಜಾಗವೊಂದನ್ನೇ ಬಿಟ್ಟು, ಆಮೇಲೆ ಊದುಗೊಳವೆ ಹಿಡಿಯುವುದು ವಾಸಿ. ಮಣ್ಣು ಮೆತ್ತಿದ ಕಡೆ ಬೆಸುಗೆ ಹರಿಯುವುದಿಲ್ಲ.