ಎರಡು ಅಂಗಳಗಳ ಆಟಗಾರ

ಪ್ರತಿಭಾವಂತನಿಗೆ ಹೆಚ್ಚು ಕಠಿಣವಾದುದು ಯಾವುದು? ಶಿಖರವನ್ನೇರುವುದೇ? ಅಥವಾ ಒಂದು ಶಿಖರವನ್ನೇರಿದ ಮೇಲೆ ಮತ್ತೊಂದು ಬೆಟ್ಟದ ಬುಡದಲ್ಲಿ ವಿದ್ಯಾರ್ಥಿಯಾಗಿ ನಿಲ್ಲುವುದೇ? ಬಂಗಾಳದ ಕ್ರೀಡಾಪಟು ಚುನಿ ಗೋಸ್ವಾಮಿಯವರ ಬಾಳನ್ನು ಅವಲೋಕಿಸುವಾಗ ಈ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಇಂದಿನ ಬಾಂಗ್ಲಾದೇಶಕ್ಕೆ ಸೇರಿದ ಕಿಶೋರ್‌ಗಂಜ್‌ನಲ್ಲಿ 1938ರಲ್ಲಿ ಜನಿಸಿದ ಚುನಿ, 1954ರಲ್ಲಿ ಕಲ್ಕತ್ತದ ಮೋಹನ್ ಬಾಗಾನ್ ಫುಟ್‌ಬಾಲ್ ಕ್ಲಬ್ಬಿನ ಹಿರಿಯರ ತಂಡಕ್ಕೆ ಕಾಲಿಟ್ಟರು. 1968ರವರೆಗೆ ಅವರು ಆ ಕ್ಲಬ್ಬನ್ನು ಬಿಟ್ಟು ಹೋಗಲಿಲ್ಲ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ, ಸೈಯದ್ ಅಬ್ದುಲ್ ರಹೀಮರು ತರಬೇತುಗೊಳಿಸಿದ್ದ ಭಾರತ ತಂಡದ ನಾಯಕರು ಅವರೇ. ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯಾವನ್ನು 2–1 ಗೋಲುಗಳಿಂದ ಮಣಿಸಿ ಭಾರತ ಚಿನ್ನದ ಪದಕ ಗಳಿಸಿತು. ನಾಯಕನಿಗಾಗ ಕೇವಲ 24 ವರ್ಷ.

ಅಲ್ಲಿಗೇ ತೃಪ್ತರಾಗಿದ್ದರೂ ಅವರ ಹೆಸರು ಉಳಿಯುತ್ತಿತ್ತು. ಆದರೆ 1962–63ರ ಋತುವಿನಲ್ಲಿಯೇ ಅವರು ಬಂಗಾಳದ ಪರವಾಗಿ ರಣಜಿ ಕ್ರಿಕೆಟ್ ಅಂಗಳಕ್ಕೂ ಇಳಿದರು. 1964ರಲ್ಲಿ, ಮೂವತ್ತು ತುಂಬಲು ಇನ್ನೂ ವರ್ಷಗಳಿರುವಾಗಲೇ, ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದರು. ದೇಶದ ನಾಯಕನಾಗಿದ್ದವನು ಇಲ್ಲಿ ಹಲವರಲ್ಲಿ ಒಬ್ಬ. ಇಲ್ಲಿ ಹೊಸದಾಗಿ ಯೋಗ್ಯತೆಯನ್ನು ಸಾಬೀತುಪಡಿಸಬೇಕಿತ್ತು.

1966ರ ಡಿಸೆಂಬರಿನಲ್ಲಿ ಇಂದೋರಿನಲ್ಲಿ ಮಧ್ಯ ಮತ್ತು ಪೂರ್ವ ವಲಯಗಳ ಸಂಯುಕ್ತ ತಂಡದ ಪರವಾಗಿ ಆಡಿದ ಅವರು ಪ್ರವಾಸಿ ವೆಸ್ಟ್ ಇಂಡೀಸಿನ ಎಂಟು ವಿಕೆಟ್‌ಗಳನ್ನುರುಳಿಸಿದರು. ಬಲಾಢ್ಯ ಪ್ರವಾಸಿಗರು ಇನ್ನಿಂಗ್ಸ್ ಅಂತರದಿಂದ ಸೋತರು. 1971–72ರಲ್ಲಿ ಚುನಿಯವರ ನಾಯಕತ್ವದಲ್ಲಿ ಬಂಗಾಳ ರಣಜಿ ಅಂತಿಮ ಪಂದ್ಯವನ್ನು ಮುಟ್ಟಿತಾದರೂ ಬೊಂಬಾಯಿಗೆ ಮಣಿಯಿತು. 46 ಪ್ರಥಮ ದರ್ಜೆ ಪಂದ್ಯಗಳು, 1592 ಓಟಗಳು, 47 ವಿಕೆಟ್‌ಗಳು: ಇಷ್ಟೇ ಅವರ ಕ್ರಿಕೆಟ್ ಲೆಕ್ಕ. ಟೆಸ್ಟ್ ಪಂದ್ಯದ ಬಾಗಿಲು ಅವರಿಗೆ ತೆರೆಯಲೇ ಇಲ್ಲ.

ಹಾಗಾದರೆ ಆ ಎರಡನೆಯ ಯತ್ನ ವ್ಯರ್ಥವೇ? ಫಲವೊಂದರಿಂದಲೇ ಕರ್ಮವನ್ನು ಅಳೆದರೆ ಹೌದೆನ್ನಬೇಕಾದೀತು. ಆದರೆ ಮನುಷ್ಯನ ಸಾಮರ್ಥ್ಯ ಪದಕದಲ್ಲಿ ಮುಗಿದುಹೋಗುವ ವಸ್ತುವಲ್ಲ. ಅಭ್ಯಾಸದಿಂದ ಬೆಳೆಯುತ್ತಾ ಹೋಗುವ ಗುಣ. ಒಂದೆಡೆ ಪ್ರಥಮನಾದವನು ಇನ್ನೊಂದೆಡೆ ಸಾಮಾನ್ಯನಾಗಿರಲು ಒಪ್ಪುವುದಕ್ಕೆ ಕೀರ್ತಿಗಿಂತ ದೊಡ್ಡ ಧೈರ್ಯ ಬೇಕು. ಸೋಲಬಹುದೆಂದು ಅರಿತೂ ಆಟವನ್ನು ಪ್ರೀತಿಸಿದವನಿಗೆ ಮಾತ್ರ ಆ ಧೈರ್ಯ ಸಾಧ್ಯ.

ಮಗು ಎರಡು ವಿಷಯಗಳಲ್ಲಿ ಆಸಕ್ತಿ ತೋರಿದರೆ ‘ಒಂದನ್ನು ಬಿಡು’ ಎಂದು ಅವಸರಪಡಿಸುವ ತಂದೆತಾಯಂದಿರು ನಮ್ಮಲ್ಲಿ ಅನೇಕರು. ಗೆಲ್ಲುವ ಭರವಸೆ ಇಲ್ಲದುದಕ್ಕೆ ಹಣವನ್ನೂ ವೇಳೆಯನ್ನೂ ವ್ಯಯಿಸಲು ನಮಗೆ ಮನಸ್ಸಿಲ್ಲ. ಮಗುವಿನ ಆನಂದವನ್ನು ಅಂಕಪಟ್ಟಿಯಿಂದ ಅಳೆಯುವ ಮೊದಲು ಕೊಂಚ ತಡೆಯೋಣ.

1963ರಲ್ಲಿ ಅರ್ಜುನ, 1983ರಲ್ಲಿ ಪದ್ಮಶ್ರೀ ಪ್ರಶಸ್ತಿಗಳನ್ನು ಪಡೆದ ಚುನಿ ಗೋಸ್ವಾಮಿಯವರು 2020ರ ಏಪ್ರಿಲ್ 30ರಂದು ನಿಧನರಾದರು. ಅವರ ಚಿನ್ನದ ಪದಕವನ್ನು ನಾಡು ನೆನೆಯುತ್ತದೆ. ಚಿನ್ನ ದೊರಕದ ಇನ್ನೊಂದು ಅಂಗಳದಲ್ಲಿ ಅವರು ಬೆವರು ಸುರಿಸಿದ ಹತ್ತು ವರ್ಷಗಳನ್ನು ನಮ್ಮ ಮಕ್ಕಳಿಗೆ ನಾವು ಹೇಳಬೇಕು.