ಗ್ರೂಪ್ ಊರಿನದು, ಪೋಸ್ಟ್ ಪಕ್ಷದ್ದು

ಮಡಿಕೇರಿ–ಸೋಮವಾರಪೇಟೆ ರಸ್ತೆಯ ಮಾದಾಪುರದಂಥ ಊರಿಗೆ ಚುನಾವಣೆ ಬಂದಿದೆ ಎಂಬುದು ಈಗ ಗೋಡೆಬರಹದಿಂದ ಗೊತ್ತಾಗುವುದಿಲ್ಲ, ಮೊಬೈಲ್‌ನಿಂದ ಗೊತ್ತಾಗುತ್ತದೆ. ಕಾಫಿ ರೇಟು, ಕರೆಂಟ್ ಯಾವಾಗ ಬರುತ್ತದೆ, ಕಾಡಾನೆ ಯಾರ ತೋಟದಲ್ಲಿದೆ, ಯಾವ ಗುಂಪಿನ ರಕ್ತ ಬೇಕು ಎಂಬ ಮೆಸೇಜ್‌ಗಳ ನಡುವೆ ಒಂದೊಂದಾಗಿ ನಾಯಕರ ಮುಖಗಳು ಮೂಡತೊಡಗುತ್ತವೆ. ಆಮೇಲೆ ವಿಡಿಯೊ, ಅದಕ್ಕೊಂದು ಪ್ರತಿ ವಿಡಿಯೊ. ನಾಲ್ಕೇ ದಿನದಲ್ಲಿ ಆನೆ ಎಲ್ಲಿದೆ ಎಂದು ಹುಡುಕಲು ಮೂವತ್ತು ಪೋಸ್ಟ್ ಮೇಲಕ್ಕೆ ಸರಿಸಬೇಕು.

ಈ ಗ್ರೂಪ್‌ಗಳ ಮೇಲೆ ಕೊಡಗಿನ ಜನ ಇಟ್ಟಿರುವ ನಂಬಿಕೆ ಸುಮ್ಮನೆ ಬಂದದ್ದಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಸುತ್ತಮುತ್ತ ಗುಡ್ಡ ಜರಿದು ರಸ್ತೆಗಳು ಕೊಚ್ಚಿಹೋದಾಗ, ಯಾವ ಮನೆಯವರು ಎಲ್ಲಿ ಸಿಕ್ಕಿಬಿದ್ದಿದ್ದಾರೆ ಎಂಬ ಸುದ್ದಿ ಹೊರಗೆ ತಲುಪಿದ್ದರಲ್ಲಿ ವಾಟ್ಸ್‌ಆ್ಯಪ್‌ನ ಪಾಲು ದೊಡ್ಡದು. ಅಂದು ಫಾರ್ವರ್ಡ್ ಮಾಡುವುದೇ ಉಪಕಾರ. ಪರಿಚಿತರ ನಂಬರಿನಿಂದ ಬಂದದ್ದು ನಿಜವಿರಲೇಬೇಕು ಎಂಬ ಭಾವನೆ ಆಮೇಲೂ ಉಳಿಯಿತು. ಪಕ್ಷಗಳು ಬಳಸಿಕೊಳ್ಳುವುದು ಇದನ್ನೇ.

ಬಳಕೆಯ ಕ್ರಮ ಸರಳ. ಬೆಂಗಳೂರಿನ ವಾರ್ ರೂಮ್‌ನಲ್ಲಿ ತಯಾರಾದ ಪೋಸ್ಟರ್ ಜಿಲ್ಲೆಯ ಗ್ರೂಪ್‌ಗೆ, ಅಲ್ಲಿಂದ ಬೂತ್ ಮಟ್ಟದ ಕಾರ್ಯಕರ್ತರಿಗೆ ಇಳಿಯುತ್ತದೆ. ಕೊನೆಯ ಹೆಜ್ಜೆಯಲ್ಲಿ ಅದನ್ನು ಊರಿನ ಗ್ರೂಪ್‌ಗೆ ಹಾಕುವವರು ಪಕ್ಕದ ಮನೆಯವರು. 2018ರಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಮ್ಮೆಗೆ ಐದೇ ಚಾಟ್‌ಗಳಿಗೆ ಫಾರ್ವರ್ಡ್ ಮಾಡುವ ಮಿತಿ ಹಾಕಿತು. 2020ರಲ್ಲಿ, ಹಲವು ಬಾರಿ ಫಾರ್ವರ್ಡ್ ಆಗಿ ಜೋಡಿ ಬಾಣದ ಗುರುತು ಬಿದ್ದ ಮೆಸೇಜನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು ಎಂದಿತು. ಆದರೆ ಚಿತ್ರವನ್ನು ಫೋನ್‌ನಲ್ಲಿ ಉಳಿಸಿಕೊಂಡು ಹೊಸದಾಗಿ ಹಾಕಿದರೆ ಬಾಣ ಮಾಯ. ಊರಿನವರೇ ಬರೆದಂತೆ ಕಾಣುತ್ತದೆ.

ಇದರಿಂದ ಏನಾಗುತ್ತದೆ ಎಂಬುದನ್ನು ಕೊಡಗು 2022ರ ಆಗಸ್ಟ್‌ನಲ್ಲಿ ಕಂಡಿದೆ. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ 18ರಂದು ಮಳೆಹಾನಿ ನೋಡಲು ಜಿಲ್ಲೆಗೆ ಬಂದರು. ಸಾವರ್ಕರ್ ಕುರಿತ ಅವರ ಮಾತಿಗೆ ಪ್ರತಿಭಟನೆ ನಡೆದು ಕಾರಿನ ಮೇಲೆ ಮೊಟ್ಟೆ ಬಿತ್ತು. ಎಸೆದವನು ಯಾವ ಪಕ್ಷದವನು ಎಂಬ ಜಗಳ ಶುರುವಾಯಿತು. ಕಾಂಗ್ರೆಸ್ಸಿಗರು ಒಂದು ಫೋಟೊ ಹರಿಬಿಟ್ಟರೆ ಬಿಜೆಪಿಯವರು ಇನ್ನೊಂದು. ಅದು ಮುಗಿಯುವ ಮುನ್ನ ಸಿದ್ದರಾಮಯ್ಯ ಮಾಂಸ ತಿಂದು ದೇವಸ್ಥಾನಕ್ಕೆ ಹೋದರೇ ಎಂಬ ಚರ್ಚೆ. ಎರಡೂ ಪಕ್ಷಗಳು ಮಡಿಕೇರಿಯಲ್ಲಿ ಬಲಪ್ರದರ್ಶನಕ್ಕೆ ಸಜ್ಜಾದಾಗ ಜಿಲ್ಲಾಡಳಿತ ನಿಷೇಧಾಜ್ಞೆ ಹೊರಡಿಸಬೇಕಾಯಿತು. ಮೊಟ್ಟೆಯ ಫೋಟೊ ಎಲ್ಲರ ಫೋನ್‌ನಲ್ಲೂ ಇತ್ತು, ಸಿದ್ದರಾಮಯ್ಯ ನೋಡಲು ಬಂದ ಜರಿದ ಬರೆಯ ಫೋಟೊ ಹುಡುಕಿದರೂ ಸಿಗುತ್ತಿರಲಿಲ್ಲ.

ಮರುತಿಂಗಳು ಬೆಂಗಳೂರಿನ ಗೋಡೆಗಳಲ್ಲಿ ಆಗಿನ ಬಿಜೆಪಿ ಸರ್ಕಾರದ ವಿರುದ್ಧ ಕಾಂಗ್ರೆಸ್ ಮಾಡಿದ, ಕ್ಯೂಆರ್ ಕೋಡ್ ಹೊತ್ತ ‘ಪೇಸಿಎಂ’ ಪೋಸ್ಟರ್ ಕಾಣಿಸಿಕೊಂಡಿತು. ಅಂಟಿಸಿದ್ದು ಕೆಲವು ಕಡೆ. ಫೋಟೊ ತೆಗೆದು ಹಂಚಿದ್ದರಿಂದ ಇಡೀ ರಾಜ್ಯ ನೋಡಿತು. 2023ರ ಮೇ ತಿಂಗಳ ಚುನಾವಣೆಯಲ್ಲಿ ಮಡಿಕೇರಿ, ವಿರಾಜಪೇಟೆ ಎರಡೂ ಬಿಜೆಪಿಯ ಕೈತಪ್ಪಿ ಕಾಂಗ್ರೆಸ್‌ನ ಮಂತರ್ ಗೌಡ, ಎ.ಎಸ್. ಪೊನ್ನಣ್ಣ ಗೆದ್ದರು. ಮೊಬೈಲ್‌ನಿಂದಲೇ ಗೆದ್ದರು ಎನ್ನಲಾಗದು. ಆದರೆ ಅಂತರ ಕೆಲವೇ ಸಾವಿರ ಮತಗಳಿರುವ ಕಡೆ ಯಾವ ಪಕ್ಷವೂ ಒಂದು ಗ್ರೂಪನ್ನೂ ಬಿಟ್ಟುಕೊಡಲು ತಯಾರಿಲ್ಲ.

ನಿಯಮಗಳಿಲ್ಲವೇ? ಇವೆ. ಅಭ್ಯರ್ಥಿ ತನ್ನ ಸೋಷಿಯಲ್ ಮೀಡಿಯಾ ಖಾತೆಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕು, ಅಲ್ಲಿನ ಖರ್ಚನ್ನು ಲೆಕ್ಕಕ್ಕೆ ಸೇರಿಸಬೇಕು ಎಂದು ಚುನಾವಣಾ ಆಯೋಗ 2013ರಲ್ಲೇ ಹೇಳಿದೆ. ವಿಧಾನಸಭೆಗೆ ಮಿತಿ 40 ಲಕ್ಷ ರೂಪಾಯಿ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ನೆರೆಯವರು ಬಿಟ್ಟಿಯಾಗಿ ಮಾಡುವ ಫಾರ್ವರ್ಡ್ ಯಾವ ಲೆಕ್ಕಕ್ಕೂ ಬರುವುದಿಲ್ಲ. 2024ರ ಮೇ 4ರಂದು ರಾಜ್ಯ ಬಿಜೆಪಿ ಎಕ್ಸ್‌ನಲ್ಲಿ ಹಾಕಿದ ಮೀಸಲಾತಿ ಕುರಿತ ಅನಿಮೇಷನ್ ವಿಡಿಯೊ ತೆಗೆಯುವಂತೆ ಆಯೋಗ ಎಕ್ಸ್‌ಗೆ ಸೂಚಿಸಿದ್ದು ಮೇ 7ರಂದು. ಅದು ಕರ್ನಾಟಕದ ಎರಡನೇ ಹಂತದ ಮತದಾನದ ದಿನ. ಎಲ್ಲರಿಗೂ ಕಾಣುವ ಪೋಸ್ಟ್‌ನ ಕಥೆಯೇ ಹೀಗಾದರೆ ಮುಚ್ಚಿದ ಗ್ರೂಪ್‌ಗಳೊಳಗೆ ಇಣುಕುವವರು ಯಾರು?

ಎಡವಟ್ಟಾದಾಗ ಮಾತ್ರ ಲೆಕ್ಕ ಪಕ್ಕಾ ಆಗುತ್ತದೆ, ಅದೂ ಕೆಳಗಿನವರ ಹೆಸರಿಗೆ. 2025ರ ಏಪ್ರಿಲ್‌ನಲ್ಲಿ ಕೊಡಗು ಮೂಲದ ಬಿಜೆಪಿ ಕಾರ್ಯಕರ್ತರೊಬ್ಬರು ಬೆಂಗಳೂರಿನಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಕಾಂಗ್ರೆಸ್ ಶಾಸಕರೊಬ್ಬರ ಕುರಿತು ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಬಂದ ಪೋಸ್ಟ್‌ಗೆ ಸಂಬಂಧಿಸಿ, ಗ್ರೂಪ್‌ನ ಅಡ್ಮಿನ್ ಆಗಿದ್ದ ಅವರ ಮೇಲೂ ಪ್ರಕರಣವಿತ್ತು. ಬಿಜೆಪಿ ಕಾಂಗ್ರೆಸ್ಸಿಗರ ಮೇಲೆ ಆರೋಪ ಹೊರಿಸಿ ಸಿಬಿಐ ತನಿಖೆ ಕೇಳಿತು, ಕಾಂಗ್ರೆಸ್ ಆರೋಪ ಅಲ್ಲಗಳೆಯಿತು. ಆ ಸಾವೂ ಎರಡು ಬಣಗಳ ಪೋಸ್ಟರ್ ಆಯಿತು. ಸದಸ್ಯರ ಪೋಸ್ಟ್‌ಗೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದ್ದುಂಟು. ಆದರೆ ಠಾಣೆಗೆ, ಕೋರ್ಟಿಗೆ ಅಲೆಯುವ ಕಷ್ಟ ತೀರ್ಪಿನಿಂದ ತಪ್ಪುವುದಿಲ್ಲ.

ಸದಸ್ಯರು ಹಾಕಿದ್ದನ್ನು ಎಲ್ಲರ ಫೋನ್‌ನಿಂದಲೂ ಅಳಿಸುವ ಅಧಿಕಾರ ಈಗ ಅಡ್ಮಿನ್‌ಗಿದೆ. ಆನೆ, ಮಳೆ, ಕಾಫಿ ರೇಟಿಗಾಗಿ ಕಟ್ಟಿದ ಗ್ರೂಪ್‌ನಲ್ಲಿ ಪಕ್ಷದ ಪೋಸ್ಟರ್ ಬೇಡ ಎಂದು ಅದನ್ನು ಬಳಸಲು ಯಾವ ಆಯೋಗದ ಅಪ್ಪಣೆಯೂ ಬೇಕಿಲ್ಲ. ಪಕ್ಷಗಳಿಗೆ ತಮ್ಮದೇ ಪೇಜ್‌ಗಳಿವೆ, ಚಾನೆಲ್‌ಗಳಿವೆ, ಜಾಹೀರಾತಿಗೆ ದುಡ್ಡಿದೆ. ಊರಿನ ಗ್ರೂಪ್‌ಗೂ ಬರಲೇಬೇಕೆಂದಿದ್ದರೆ ನಾಯಕರ ಮುಖ ಬಿಟ್ಟು ಬರಲಿ. ಬರೆ ಜರಿದ ರಸ್ತೆ ಯಾವಾಗ ಸರಿಯಾಗುತ್ತದೆ, ಆನೆ ತುಳಿದ ತೋಟಕ್ಕೆ ಪರಿಹಾರ ಯಾವಾಗ ಸಿಗುತ್ತದೆ ಎಂಬ ಉತ್ತರ ಹಿಡಿದು ಬರಲಿ. ಅಂಥ ಪೋಸ್ಟನ್ನು ಯಾವ ಅಡ್ಮಿನ್ನೂ ಅಳಿಸಲಾರ.