ಡಬ್ಬಿಯ ಮೇಲೊಂದು ಹೆಸರು

ಮೇ ತಿಂಗಳ ಕೊನೆಯ ವಾರ ಶಿವಮೊಗ್ಗದ ಹಳೆಯ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ತಾರಸಿಗಳ ಮೇಲೆ ಹಾಸಿದ ಹಳೆಯ ಸೀರೆಗಳಲ್ಲಿ ಹಪ್ಪಳ, ಸಂಡಿಗೆ, ಒಣಮೆಣಸಿನಕಾಯಿ, ತೊಗರಿಬೇಳೆ ಬಿಸಿಲು ಕಾಯುತ್ತಿರುತ್ತವೆ. ಪಕ್ಕದಲ್ಲೊಂದು ಕೋಲು, ಕಾಗೆ ಓಡಿಸಲು ಒಂದು ಮಗು. ಮುಂಗಾರು ಇನ್ನೇನು ಬಂದೇಬಿಟ್ಟಿತು. ಅಷ್ಟರೊಳಗೆ ಎಲ್ಲ ಒಣಗಿ, ಆರಿ, ಡಬ್ಬಿ ಸೇರಬೇಕು. ಮಳೆಗೆ ಹೆಸರಾದ ಆಗುಂಬೆ ಇರುವುದೂ ಇದೇ ಜಿಲ್ಲೆಯಲ್ಲೇ. ಒಮ್ಮೆ ಜಡಿಮಳೆ ಹಿಡಿಯಿತೆಂದರೆ ಉಪ್ಪು ನೀರಾಗುತ್ತದೆ, ಬೆಲ್ಲ ಜಿನುಗುತ್ತದೆ, ರವೆಯಲ್ಲಿ ಹುಳ ಹರಿಯುತ್ತದೆ.

ಮನೆಯ ಉಗ್ರಾಣ ಒಪ್ಪ ಮಾಡಲು ಇದೇ ಸರಿಯಾದ ಕಾಲ. ಆ ಕೆಲಸಕ್ಕೆ ಕೂರುವ ಮುನ್ನ ಒಂದು ಪ್ರಶ್ನೆ. ಈ ಉಗ್ರಾಣದಲ್ಲಿರುವ ವಸ್ತುಗಳ ಹಿಂದೆ, ಅವನ್ನು ಕಾಪಿಡುವ ಉಪಾಯಗಳ ಹಿಂದೆ ಯಾರ ತಲೆ ಓಡಿದೆ? ಅವರ ಹೆಸರು ಎಲ್ಲಿ ಹೋಯಿತು?

ನಾಗಂದಿಗೆಯಿಂದ ನೆಲವಿನವರೆಗೆ

ಮಲೆನಾಡಿನ ಹಳೆಯ ಮನೆಗಳ ಉಗ್ರಾಣ ಕತ್ತಲೆಯ ಕೋಣೆ. ಅಲ್ಲಿ ಕಣ್ಣಿಗಿಂತ ಕೈಗೆ ಹೆಚ್ಚು ಗೊತ್ತು. ನೆಲದಿಂದ ಎತ್ತರಿಸಿದ ಹಲಗೆಯ ಮೇಲೆ ಅಕ್ಕಿ ಮೂಟೆ. ಗೋಡೆಯುದ್ದಕ್ಕೂ ನಾಗಂದಿಗೆ, ಅದರ ಮೇಲೆ ಅಪರೂಪಕ್ಕೆ ಬೇಕಾಗುವ ದೊಡ್ಡ ಪಾತ್ರೆಗಳು. ಮೂಲೆಯಲ್ಲಿ ಬಾಯಿಗೆ ಬಟ್ಟೆ ಬಿಗಿದ ಮಿಡಿ ಉಪ್ಪಿನಕಾಯಿಯ ಭರಣಿಗಳು. ಒಲೆಯ ಮೇಲ್ಭಾಗದ ಅಟ್ಟದಲ್ಲಿ ಹೊಗೆ ಕುಡಿಯುತ್ತಾ ಒಣಗುವ ಹುಳಿಗಳು, ಮುಂದಿನ ಬಿತ್ತನೆಗೆಂದು ಕಟ್ಟಿಟ್ಟ ತರಕಾರಿ ಬೀಜಗಳು. ಮಾಡಿನ ಜಂತೆಯಿಂದ ಇಳಿಬಿಟ್ಟ ನೆಲವಿನಲ್ಲಿ ಹಾಲು, ಮೊಸರು, ಬೆಣ್ಣೆ. ಬೆಕ್ಕಿಗೂ ಎಟುಕದು, ಇರುವೆಗೂ ದಾರಿ ಸಿಗದು, ಗಾಳಿಯೂ ಆಡುತ್ತದೆ.

ಇವೆಲ್ಲ ತಾವಾಗಿಯೇ ಆದವಲ್ಲ. ಒಲೆಯ ಹೊಗೆ ಮತ್ತು ಬಿಸಿ ತೇವವನ್ನೂ ಹುಳವನ್ನೂ ದೂರವಿಡುತ್ತದೆ ಎಂದು ಯಾರೋ ಒಬ್ಬಾಕೆ ಮೊದಲು ಗಮನಿಸಿರಬೇಕು. ಹಗ್ಗ ಹೆಣೆದು ಗಡಿಗೆಯನ್ನು ನೇತುಹಾಕಿದರೆ ಬೆಕ್ಕಿನ ಕಾಟ ತಪ್ಪೀತೆಂದು ಇನ್ನಾರಿಗೋ ಹೊಳೆದಿರಬೇಕು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇವೂ ಆವಿಷ್ಕಾರಗಳೇ. ಆದರೆ ಇವುಗಳ ಮೇಲೆ ಯಾರ ಹೆಸರೂ ಇಲ್ಲ.

ಭದ್ರಾವತಿಗೆ ಬಂದರೆ ನೋಟ ಬೇರೆ. ಒಂದು ಕಾಲದಲ್ಲಿ ಬೆಂಕಿಪುರ ಎನಿಸಿಕೊಂಡಿದ್ದ ಈ ಊರಿನಲ್ಲಿ ಕಬ್ಬಿಣದ ಕಾರ್ಖಾನೆ ೧೯೨೩ರಲ್ಲಿ ಉತ್ಪಾದನೆ ಆರಂಭಿಸಿತು. ೧೯೩೬ರಲ್ಲಿ ಮೈಸೂರು ಕಾಗದ ಕಾರ್ಖಾನೆಯ ಸ್ಥಾಪನೆಯಾಯಿತು. ನ್ಯೂ ಟೌನ್, ಕಾಗದನಗರಗಳ ಕ್ವಾರ್ಟರ್ಸುಗಳಲ್ಲಿ ನಾನಾ ಊರುಗಳಿಂದ, ಅಕ್ಕಪಕ್ಕದ ರಾಜ್ಯಗಳಿಂದ ಬಂದವರು ಸಂಸಾರ ಹೂಡಿದರು. ಅಲ್ಲಿ ಉಗ್ರಾಣವೆಂಬ ಪ್ರತ್ಯೇಕ ಕೋಣೆ ಎಲ್ಲಿಂದ ಬರಬೇಕು? ಅಡುಗೆಮನೆಯ ಗೋಡೆಯ ಎರಡು ಸಿಮೆಂಟಿನ ಕಪಾಟುಗಳೇ ಉಗ್ರಾಣ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ, ಬೋರ್ನ್‌ವಿಟಾ ಡಬ್ಬಿಯಲ್ಲಿ ಉದ್ದಿನಬೇಳೆ, ಡಾಲ್ಡಾ ಡಬ್ಬಿಯಲ್ಲಿ ಅವಲಕ್ಕಿ!

ಮನೆಯೊಡತಿ ಇರುವಷ್ಟು ದಿನ ಇದರಿಂದ ತೊಂದರೆಯಿಲ್ಲ. ಆಕೆ ಕತ್ತಲಲ್ಲೂ ಕೈ ಹಾಕಿ ಜೀರಿಗೆ ತೆಗೆದಾಳು. ಆಕೆ ತವರಿಗೆ ಹೊರಟ ದಿನ ನೋಡಬೇಕು ಮಜಾ. ಯಜಮಾನರು ಒಂದೊಂದೇ ಡಬ್ಬಿ ತೆರೆದು ಮೂಸಿ, ಕೊನೆಗೆ ಕಾಫಿಗೆ ಪುಡಿಉಪ್ಪು ಬೆರೆಸಿರುತ್ತಾರೆ. ನಗು ಬರುತ್ತದೆ ನಿಜ. ಆದರೆ ಇದರಲ್ಲಿ ನಗುವಿಗಿಂತ ದೊಡ್ಡ ವಿಷಯವೂ ಇದೆ. ಆ ಅಡುಗೆಮನೆಯ ಜ್ಞಾನವೆಲ್ಲ ಒಬ್ಬಳ ತಲೆಯಲ್ಲಿತ್ತು. ಎಲ್ಲೂ ಬರೆದಿರಲಿಲ್ಲ. ಹೆಸರು ಬರೆಯದೇ ಹೋದರೆ ಏನೇನು ಕಳೆದುಹೋಗುತ್ತದೆ ಎಂಬುದಕ್ಕೆ ನಮ್ಮ ಉಗ್ರಾಣದ ಕೆಲವು ಡಬ್ಬಿಗಳೇ ಸಾಕ್ಷಿ ಹೇಳುತ್ತವೆ. ಅವುಗಳ ಕತೆ ಮಾತ್ರ ಸಮುದ್ರದಾಚೆಯದು.

ಸಕ್ಕರೆ ಡಬ್ಬಿಯ ಕತೆ

ಮೊದಲು ಸಕ್ಕರೆ ಡಬ್ಬಿ ತೆರೆಯೋಣ. ಆಲೆಮನೆ ಕಂಡವರಿಗೆ ಬೆಲ್ಲ ಹೇಗಾಗುತ್ತದೆಂದು ಗೊತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತದೆ, ಕೆಳಗೆ ಬೆಂಕಿ ಧಗಧಗಿಸುತ್ತದೆ, ಹಬೆಯೆಲ್ಲ ಮಾಡಿನ ಸಂದಿಯಿಂದ ಹಾರಿಹೋಗುತ್ತದೆ. ಅಮೆರಿಕದ ಲೂಯಿಸಿಯಾನಾದಲ್ಲಿ ಸಕ್ಕರೆ ತಯಾರಿಯೂ ಬಹುಕಾಲ ಹೀಗೇ ನಡೆದಿತ್ತು. ಸಾಲಾಗಿ ಇಟ್ಟ ತೆರೆದ ಕೊಪ್ಪರಿಗೆಗಳಲ್ಲಿ ಕುದಿಯುವ ರಸವನ್ನು ಉದ್ದ ಹಿಡಿಯ ಸೌಟುಗಳಿಂದ ಒಂದರಿಂದ ಇನ್ನೊಂದಕ್ಕೆ ಸುರಿಯುತ್ತಿದ್ದವರು ಕಪ್ಪು ಗುಲಾಮರು. ರಸ ಸಿಡಿದು ಮೈ ಸುಟ್ಟುಕೊಳ್ಳುವುದು ಅಲ್ಲಿ ಮಾಮೂಲು.

ಇದನ್ನು ಬದಲಿಸಿದಾತ ನಾರ್ಬರ್ಟ್ ರಿಲ್ಯೂ. ಹುಟ್ಟಿದ್ದು ೧೮೦೬ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ. ತಂದೆ ಬಿಳಿಯ, ತಾಯಿ ಗುಲಾಮಗಿರಿಯಿಂದ ಹೊರಗಿದ್ದ ಆಫ್ರಿಕನ್ ಮೂಲದ ಮಹಿಳೆ. ಪ್ಯಾರಿಸ್‌ನಲ್ಲಿ ಓದಿ ಎಂಜಿನಿಯರ್ ಆದ ಈತ, ೧೮೪೩ ಮತ್ತು ೧೮೪೬ರಲ್ಲಿ ತನ್ನ ಬಾಷ್ಪೀಕರಣ ಯಂತ್ರಕ್ಕೆ ಪೇಟೆಂಟ್ ಪಡೆದ.

ಆತನ ಉಪಾಯ ಅರ್ಥವಾಗಲು ನಿಮ್ಮ ಪ್ರೆಶರ್ ಕುಕ್ಕರನ್ನು ನೆನೆಯಿರಿ. ಕುಕ್ಕರಿನಲ್ಲಿ ಒತ್ತಡ ಹೆಚ್ಚಿದಂತೆ ನೀರು ಕುದಿಯುವ ಶಾಖವೂ ಏರುತ್ತದೆ, ಹಾಗಾಗಿ ಬೇಳೆ ಬೇಗ ಬೇಯುತ್ತದೆ. ರಿಲ್ಯೂ ಮಾಡಿದ್ದು ಇದರ ತಿರುಗುಮುರುಗು. ಪಾತ್ರೆಯನ್ನು ಮುಚ್ಚಿ ಒಳಗಿನ ಗಾಳಿ ತೆಗೆದು ಒತ್ತಡ ಇಳಿಸಿದರೆ ರಸ ಕಡಿಮೆ ಶಾಖಕ್ಕೇ ಕುದಿಯುತ್ತದೆ. ಸಾಲಾಗಿ ಜೋಡಿಸಿದ ಪಾತ್ರೆಗಳಲ್ಲಿ ಮೊದಲನೆಯದರ ಹಬೆಯೇ ಎರಡನೆಯದಕ್ಕೆ ಬೆಂಕಿ, ಎರಡನೆಯದರ ಹಬೆ ಮೂರನೆಯದಕ್ಕೆ. ಹಾರಿಹೋಗುತ್ತಿದ್ದ ಹಬೆ ಮತ್ತೆ ಮತ್ತೆ ದುಡಿಯಿತು. ಸೌದೆ ಉಳಿಯಿತು, ಸಕ್ಕರೆ ಸೀಯುವುದು ತಪ್ಪಿತು.

ಇಂದಿಗೂ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸ ಗಟ್ಟಿಯಾಗುವುದು ಇದೇ ತತ್ತ್ವದಿಂದ. ಭದ್ರಾವತಿಯ ಕಾಗದ ಕಾರ್ಖಾನೆಗೂ ಒಂದು ಸಕ್ಕರೆ ಘಟಕವಿತ್ತು. ಆ ಕಾರ್ಖಾನೆಯ ಸದ್ದಡಗಿ ವರ್ಷಗಳೇ ಕಳೆದವು. ಅದು ನಡೆಯುತ್ತಿದ್ದಾಗ ಅಲ್ಲಿಗೆ ಗಾಡಿಯಲ್ಲಿ ಕಬ್ಬು ಸಾಗಿಸಿದ ರೈತರಲ್ಲಿ ರಿಲ್ಯೂ ಹೆಸರು ಕೇಳಿದವರು ಎಷ್ಟು ಮಂದಿ ಇದ್ದಾರು? ಇನ್ನೊಂದು ಮಾತನ್ನೂ ಮರೆಯಬಾರದು. ಅಂದು ಅಮೆರಿಕದಲ್ಲಿ ಆತನ ಯಂತ್ರ ಕೊಂಡವರು ಗುಲಾಮರನ್ನಿಟ್ಟುಕೊಂಡಿದ್ದ ತೋಟದ ಧಣಿಗಳೇ. ಯಂತ್ರ ಹಬೆಯನ್ನು ಪಳಗಿಸಿತು, ಗುಲಾಮಗಿರಿಯನ್ನು ಅಲುಗಿಸಲಿಲ್ಲ.

ವೆನಿಲಾ ಸೀಸೆಯ ಹುಡುಗ

ಇನ್ನು ಐಸ್‌ಕ್ರೀಮಿಗೋ ಕೇಕಿಗೋ ಎಂದು ತಂದಿಟ್ಟ ವೆನಿಲಾ ಸೀಸೆ. ಈ ಕತೆ ಅಮೆರಿಕದ್ದಲ್ಲ, ಆದರೂ ನಮ್ಮ ತೋಟಗಳಿಗೆ ಹತ್ತಿರದ್ದು. ಎರಡು ಸಾವಿರದ ಇಸವಿಯ ಆಚೀಚೆ ಮಲೆನಾಡಿನ ಅಡಿಕೆ ತೋಟಗಳಿಗೆ ವೆನಿಲಾ ಬಳ್ಳಿ ನುಗ್ಗಿದ್ದು, ಹಸಿ ಕೋಡಿನ ಬೆಲೆ ಕಿಲೋಗೆ ಸಾವಿರಾರು ರೂಪಾಯಿಗೆ ಏರಿ ಆಮೇಲೆ ನೆಲಕಚ್ಚಿದ್ದು ಇನ್ನೂ ನೆನಪಿದೆ. ಆ ದಿನಗಳಲ್ಲಿ ಬೆಳಗಾದರೆ ಮನೆಮಂದಿಯೆಲ್ಲ ಕಡ್ಡಿ ಹಿಡಿದು ತೋಟಕ್ಕಿಳಿಯುತ್ತಿದ್ದರು. ಬೆಳಿಗ್ಗೆ ಅರಳಿದ ಹೂ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಒಂದೊಂದೇ ಹೂವಿಗೆ ಕೈಯಿಂದ ಪರಾಗಸ್ಪರ್ಶ ಮಾಡದಿದ್ದರೆ ಕೋಡಿಲ್ಲ.

ಕಡ್ಡಿಯಿಂದ ಹೂವಿನೊಳಗಿನ ಪರದೆ ಎತ್ತಿ ಹೆಬ್ಬೆರಳಿನಿಂದ ಒತ್ತುವ ಆ ವಿಧಾನವನ್ನು ತೋರಿಸಿಕೊಟ್ಟವನು ಎಡ್ಮಂಡ್ ಎಂಬ ಗುಲಾಮ ಹುಡುಗ. ವರ್ಷ ೧೮೪೧, ಊರು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪ, ಹುಡುಗನ ವಯಸ್ಸು ಹನ್ನೆರಡು! ೧೮೪೮ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾದಾಗ ಆತನಿಗೆ ಅಲ್ಬಿಯಸ್ ಎಂಬ ಕುಲನಾಮ ಸಿಕ್ಕಿತು. ಹಣ ಸಿಗಲಿಲ್ಲ. ದ್ವೀಪದ ಧಣಿಗಳು ವೆನಿಲಾದಿಂದ ಶ್ರೀಮಂತರಾದರು, ಎಡ್ಮಂಡ್ ೧೮೮೦ರಲ್ಲಿ ಬಡತನದಲ್ಲೇ ತೀರಿಕೊಂಡ. ಈ ನಡುವೆ ಸಸ್ಯಶಾಸ್ತ್ರಜ್ಞರೊಬ್ಬರು ಆ ವಿಧಾನ ತಮ್ಮದೇ ಎಂದು ಹೇಳಿಕೊಂಡದ್ದೂ ಉಂಟು. ಆಗ ಅದು ಎಡ್ಮಂಡನದೇ ಎಂದು ಪತ್ರ ಬರೆದು ಸಾಕ್ಷಿ ನುಡಿದವನು ಅವನ ಹಿಂದಿನ ಧಣಿ. ಆ ಕಾಗದ ಇದ್ದುದರಿಂದ ಹುಡುಗನ ಹೆಸರು ಉಳಿಯಿತು.

ಸಹಿಯ ಜಾಗದಲ್ಲಿ ಒಂದು ಗೀಟು

ಮತ್ತೆ ಅಮೆರಿಕಕ್ಕೆ ಬರೋಣ. ಅಲ್ಲಿ ಕಪ್ಪು ಜನರ ಹೆಸರು ಅಳಿಸಲು ಕಾನೂನೇ ನೆರವಾಗಿತ್ತು. ಮಿಸಿಸಿಪಿಯ ನೆಡ್ ಎಂಬ ಗುಲಾಮ ಹತ್ತಿ ಹೊಲಕ್ಕೊಂದು ಹೊಸ ಉಪಕರಣ ಮಾಡಿದ. ಅವನ ಒಡೆಯ ಅದಕ್ಕೆ ತನ್ನ ಹೆಸರಲ್ಲಿ ಪೇಟೆಂಟ್ ಕೇಳಿದ. ಗುಲಾಮ ಮಾಡಿದ ಆವಿಷ್ಕಾರಕ್ಕೆ ಪೇಟೆಂಟ್ ಕೊಡಲಾಗದು ಎಂದು ೧೮೫೮ರಲ್ಲಿ ಅಲ್ಲಿನ ಅಟಾರ್ನಿ ಜನರಲ್ ಅಭಿಪ್ರಾಯಪಟ್ಟರು. ಅಂದರೆ ಗುಲಾಮನಿಗೂ ಇಲ್ಲ, ಒಡೆಯನಿಗೂ ಇಲ್ಲ.

ಗುಲಾಮಗಿರಿ ಹೋದ ಮೇಲೆ ಹೆಸರುಗಳು ಒಂದೊಂದಾಗಿ ಕಾಣಿಸಿಕೊಂಡವು. ೧೮೮೪ರಲ್ಲಿ ಜೂಡಿ ರೀಡ್ ಎಂಬಾಕೆ ಹಿಟ್ಟು ನಾದುವ, ಲಟ್ಟಿಸುವ ಯಂತ್ರಕ್ಕೆ ಪೇಟೆಂಟ್ ಪಡೆದಳು. ಆಕೆಗೆ ಅಕ್ಷರ ಬಾರದು. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಹಾಗೆ ಸಹಿಯ ಜಾಗದಲ್ಲಿ ಎರಡು ಗೀಟು ಅಡ್ಡಡ್ಡ ಎಳೆದಿದ್ದಳು. ೧೮೯೨ರಲ್ಲಿ ಸಾರಾ ಬೂನ್ ಎಂಬ ದರ್ಜಿ ಹೆಂಗಸು ಇಸ್ತ್ರಿ ಹಲಗೆಯನ್ನು ಸುಧಾರಿಸಿದಳು. ತೋಳು, ರವಿಕೆಗಳನ್ನು ಸುಕ್ಕಿಲ್ಲದೆ ಇಸ್ತ್ರಿ ಮಾಡಲು ಕಿರಿದಾದ, ಬಾಗಿದ ಹಲಗೆ ಅದು. ೧೮೯೭ರಲ್ಲಿ ಆಲ್ಫ್ರೆಡ್ ಕ್ರಾಲ್, ಐಸ್‌ಕ್ರೀಮು ಸೌಟಿಗೆ ಅಂಟುವ ರಗಳೆ ಕಂಡು, ಒಂದೇ ಕೈಯಲ್ಲಿ ಉಂಡೆ ಬೀಳಿಸುವ ಸೌಟು ರೂಪಿಸಿದ.

ಇಸ್ತ್ರಿ ಹಲಗೆ, ರೆಫ್ರಿಜರೇಟರುಗಳನ್ನು ‘ಮೊತ್ತಮೊದಲು’ ಕಂಡುಹಿಡಿದವರೇ ಕರಿಯರು ಎಂದು ಕೆಲವು ಪಟ್ಟಿಗಳು ಸಾರುವುದುಂಟು. ಅದು ಪೂರ್ತಿ ಸರಿಯಲ್ಲ. ಹಲಗೆಯೂ ಶೀತಲ ಪೆಟ್ಟಿಗೆಯೂ ಮೊದಲೇ ಇದ್ದವು, ಇವರು ಅವನ್ನು ಇನ್ನಷ್ಟು ಬಳಕೆಗೆ ಒಗ್ಗಿಸಿದರು. ಮನೆಬಳಕೆಯ ವಸ್ತುಗಳು ಬೆಳೆಯುವುದೇ ಹೀಗೆ, ಕೈಯಿಂದ ಕೈಗೆ ದಾಟುತ್ತಾ.

ಮನಸ್ಸಿಗೆ ನಾಟುವುದು ವಾಷಿಂಗ್ಟನ್ನಿನ ಎಲೆನ್ ಎಗ್ಲಿನ್ ಕತೆ. ಒಗೆದ ಬಟ್ಟೆ ಹಿಂಡುವ ಯಂತ್ರವೊಂದನ್ನು ರೂಪಿಸಿದ ಆಕೆ ೧೮೮೮ರಲ್ಲಿ ಅದರ ಹಕ್ಕನ್ನು ಬರೀ ೧೮ ಡಾಲರಿಗೆ ಮಾರಿಬಿಟ್ಟಳು. ಕಾರಣವನ್ನು ಆಕೆಯೇ ಮಹಿಳಾ ಪತ್ರಿಕೆಯೊಂದಕ್ಕೆ ಹೇಳಿದಳು. ಇದನ್ನು ಮಾಡಿದ್ದು ಕರಿಯ ಹೆಂಗಸು ಎಂದು ತಿಳಿದರೆ ಬಿಳಿಯ ಗೃಹಿಣಿಯರು ಕೊಳ್ಳುವುದಿಲ್ಲ ಎಂಬ ಭಯ! ಮುಟ್ಟಿದ್ದು ಯಾರು, ಮಾಡಿದ್ದು ಯಾರು ಎಂದು ವಿಚಾರಿಸಿ ಕೊಳ್ಳುವ ಬುದ್ಧಿ ನಮ್ಮ ನಾಡಿಗೂ ಹೊಸದಲ್ಲ ತಾನೆ?

ಇವರಲ್ಲಿ ಅನೇಕರ ಹೆಸರು ಇಂದು ನಮಗೆ ಗೊತ್ತಿರುವುದಕ್ಕೆ ಹೆನ್ರಿ ಬೇಕರ್ ಎಂಬ ಒಬ್ಬ ನೌಕರ ಕಾರಣ. ತಾನೂ ಕರಿಯನಾಗಿದ್ದ ಈತ ಅಮೆರಿಕದ ಪೇಟೆಂಟ್ ಕಚೇರಿಯಲ್ಲಿ ಕೆಲಸಕ್ಕಿದ್ದ. ಪೇಟೆಂಟ್ ದಾಖಲೆಯಲ್ಲಿ ಮೈಬಣ್ಣ ಬರೆಯುವುದಿಲ್ಲ. ೧೯೦೦ರ ಸುಮಾರಿಗೆ ದೇಶದ ಉದ್ದಗಲದ ಪೇಟೆಂಟ್ ವಕೀಲರಿಗೆ ಪತ್ರಗಳು ಹೋದವು. ಬಂದ ಉತ್ತರಗಳನ್ನು ಬೇಕರ್ ಕೂಡಿಸಿ ನೂರಾರು ಆವಿಷ್ಕಾರಗಳ ಪಟ್ಟಿ ಮಾಡಿದ. ಹೆಸರು ಬರೆದಿಟ್ಟ, ಅಷ್ಟೇ. ಅದೇ ದೊಡ್ಡ ಕೆಲಸವಾಯಿತು.

ಅರಿಶಿನ ಕಲಿಸಿದ ಪಾಠ

ಬರೆದಿಡುವುದರ ಬೆಲೆ ನಮಗೂ ಒಮ್ಮೆ ಗೊತ್ತಾಗಿದೆ. ಗಾಯಕ್ಕೆ ಅರಿಶಿನ ಹಚ್ಚುವುದನ್ನು ನಮ್ಮ ಯಾವ ಅಜ್ಜಿಗೆ ಹೇಳಿಕೊಡಬೇಕು? ಆದರೂ ೧೯೯೫ರಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರ ವಿಜ್ಞಾನಿಗಳಿಗೆ ಗಾಯ ಮಾಯಿಸಲು ಅರಿಶಿನ ಬಳಸುವ ಬಗ್ಗೆ ಪೇಟೆಂಟ್ ಸಿಕ್ಕಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿತು. ‘ನಮ್ಮ ಅಜ್ಜಿಗೆ ಗೊತ್ತಿತ್ತು’ ಎಂದರೆ ಸಾಲದು, ಬರಹದ ಆಧಾರ ಬೇಕು. ಮಂಡಳಿ ಹಳೆಯ ಗ್ರಂಥಗಳನ್ನೂ ಲೇಖನಗಳನ್ನೂ ಹುಡುಕಿ ಮುಂದಿಟ್ಟ ಮೇಲೆ ೧೯೯೭ರಲ್ಲಿ ಪೇಟೆಂಟ್ ರದ್ದಾಯಿತು. ಅರಿಶಿನದ ಬಗ್ಗೆ ಯಾರೋ ಎಂದೋ ಬರೆದಿದ್ದರು. ನೆಲವು, ಅಟ್ಟ, ಮಿಡಿ ಉಪ್ಪಿನಕಾಯಿಯ ಹದದ ಬಗ್ಗೆ ಬರೆದವರು ಎಷ್ಟು ಮಂದಿ?

ಈಗ ಉಗ್ರಾಣಕ್ಕೆ

ಮಳೆ ಬರುವ ಮೊದಲಿನ ಒಂದು ಬಿಸಿಲಿನ ದಿನ ಈ ಕೆಲಸಕ್ಕೆ ಮೀಸಲಿಡಿ. ಎಲ್ಲ ಡಬ್ಬಿಗಳನ್ನೂ ಹೊರಗಿಳಿಸಿ ತೊಳೆದು ಒಣಗಿಸಿ. ಬೇಳೆಕಾಳುಗಳನ್ನು ಬಿಸಿಲಿಗೆ ಹಾಕಿ. ಬಿಸಿ ಆರುವ ಮುನ್ನ ಡಬ್ಬಿಗೆ ತುಂಬಬೇಡಿ, ಒಳಗೇ ಬೆವರಿ ಮುಗ್ಗುತ್ತದೆ. ರವೆಯನ್ನು ಹುರಿದಿಡಿ. ತೊಗರಿಬೇಳೆಗೆ ಸ್ವಲ್ಪ ಹರಳೆಣ್ಣೆ ಸವರುವ ಹಿರಿಯರ ಪದ್ಧತಿ ಈಗಲೂ ನಡೆಯುತ್ತದೆ, ಬಳಸುವಾಗ ಚೆನ್ನಾಗಿ ತೊಳೆದರಾಯಿತು. ಉಪ್ಪಿಗೆ ಭರಣಿಯೇ ಸರಿ.

ಅಕ್ಕಿ ಚೀಲ ನೆಲಕ್ಕೂ ತಾಗಬಾರದು, ಗೋಡೆಗೂ ಒರಗಬಾರದು. ನಾಲ್ಕು ಬೆರಳು ಎತ್ತರದ ಹಲಗೆ ಸಾಕು. ಭಾರದ್ದು ಕೆಳಗೆ, ದಿನಬಳಕೆಯದು ಕಣ್ಣೆತ್ತರಕ್ಕೆ, ಹಬ್ಬಕ್ಕೆ ಬೇಕಾಗುವುದು ಮೇಲೆ. ಹೊಸ ಸಾಮಾನು ತಂದಾಗ ಹಳೆಯದನ್ನು ಮುಂದೆ ಸರಿಸಿ ಹೊಸದನ್ನು ಹಿಂದಿಡಿ. ಈರುಳ್ಳಿಯನ್ನೂ ಆಲೂಗೆಡ್ಡೆಯನ್ನೂ ಬೇರೆ ಬೇರೆ ಬುಟ್ಟಿಯಲ್ಲಿಡಿ. ಉಪ್ಪಿನಕಾಯಿಗೆ ಒದ್ದೆ ಸೌಟು ತಾಗಿಸಬೇಡಿ.

ಕೊನೆಯದಾಗಿ, ಬಿಳಿ ಕಾಗದದ ಚೂರುಗಳನ್ನೂ ಅಂಟನ್ನೂ ತೆಗೆದುಕೊಂಡು ಕುಳಿತು ಪ್ರತಿ ಡಬ್ಬಿಗೂ ಹೆಸರು ಬರೆಯಿರಿ, ತುಂಬಿದ ತಾರೀಖನ್ನೂ ಹಾಕಿ. ಮಕ್ಕಳ ಕೈಯಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು. ಯಜಮಾನರು ಕಾಫಿಗೆ ಉಪ್ಪು ಹಾಕುವುದು ತಪ್ಪುತ್ತದೆ, ಡಬ್ಬಿ ಹುಡುಕುವ ಕೆಲಸ ಒಬ್ಬಳ ಪಾಲಿಗೇ ಉಳಿಯುವುದೂ ತಪ್ಪುತ್ತದೆ.

ಹಾಗೆಯೇ ಒಂದು ಹಳೆಯ ನೋಟ್‌ಬುಕ್ಕನ್ನು ಉಗ್ರಾಣದ ಬಾಗಿಲಿಗೆ ದಾರ ಕಟ್ಟಿ ತೂಗುಹಾಕಿ. ಮಿಡಿಗೆ ಉಪ್ಪು ಎಷ್ಟು, ಸಂಡಿಗೆ ಹಿಟ್ಟಿನ ಹದ ಯಾವುದು, ಬೀಜಕ್ಕೆ ಹುಳ ಬೀಳದಂತೆ ಏನು ಮಾಡಬೇಕು ಎಂಬುದನ್ನು ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಪ್ರತಿಯೊಂದರ ಕೆಳಗೆ ಅದನ್ನು ಹೇಳಿಕೊಟ್ಟವರ ಹೆಸರೂ ಇರಲಿ. ಅತ್ತೆಯಾಗಲಿ, ಪಕ್ಕದ ಕ್ವಾರ್ಟರ್ಸಿನ ಆಂಟಿಯಾಗಲಿ, ಹಿತ್ತಿಲಿಗೆ ಬಂದು ಮೆಣಸಿನಕಾಯಿ ಕುಟ್ಟಿಕೊಡುತ್ತಿದ್ದ ಹೆಂಗಸಾಗಲಿ, ಹೆಸರು ಬಿಡಬೇಡಿ. ಭದ್ರಾವತಿಯ ಉಕ್ಕಿನ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರಿದೆ, ಇರಬೇಕಾದದ್ದೇ. ಉಪ್ಪಿನಕಾಯಿ ಭರಣಿಯ ಮೇಲೆ ಅದರ ಹದ ಕಲಿಸಿದವಳ ಹೆಸರೂ ಇರಲಿ.